ಒಂದು ಹಾಡಿನ ತುಣುಕಿಗೆ ಸರ್ಕಾರವೇ ಉತ್ತರ ಕೊಟ್ಟಿದ್ದು ಯಾಕೆ?

2025ರ ಅಕ್ಟೋಬರ್ ಮೊದಲ ವಾರ ಅಮೆರಿಕದ ಕಂಟ್ರಿ ಹಾಡುಗಾರ ಝ್ಯಾಕ್ ಬ್ರಯನ್ ಇನ್ನೂ ಬಿಡುಗಡೆಯಾಗದ ಹಾಡೊಂದರ ತುಣುಕನ್ನು ಇನ್‌ಸ್ಟಾಗ್ರಾಮಿಗೆ ಹಾಕಿದರು. ಹಾಡಿನ ಹೆಸರು ‘ಬ್ಯಾಡ್ ನ್ಯೂಸ್’. ಐಸ್‌ನವರು ಬಂದು ಮನೆ ಬಾಗಿಲು ಒಡೀತಾರೆ ಅನ್ನುವ ಅರ್ಥದ ಒಂದು ಸಾಲು ಅದರಲ್ಲಿತ್ತು. ಐಸ್ ಅಂದ್ರೆ ದಾಖಲೆ ಇಲ್ಲದ ವಲಸಿಗರನ್ನು ಹಿಡಿದು ಗಡೀಪಾರು ಮಾಡುವ ಕೇಂದ್ರ ಸರ್ಕಾರದ ಸಂಸ್ಥೆ. ದೇಶದ ಬಾವುಟದ ಬಣ್ಣ ಮಾಸುತ್ತಿದೆ ಅನ್ನುವ ಮಾತೂ ಅಲ್ಲಿತ್ತು.

ಕೆಲವೇ ದಿನಗಳಲ್ಲಿ ಗೃಹ ಭದ್ರತಾ ಇಲಾಖೆಯ ವಕ್ತಾರೆ ‘ನಿನ್ನ ಹಳೆಯ ಹಾಡನ್ನೇ ಹಾಡಿಕೊಂಡಿರು’ ಅನ್ನುವ ಧಾಟಿಯಲ್ಲಿ ಉತ್ತರ ಕೊಟ್ಟರು. ಇಲಾಖೆಯ ಮುಖ್ಯಸ್ಥೆ ಕ್ರಿಸ್ಟಿ ನೋಮ್ ತಮಗೆ ತುಂಬಾ ನಿರಾಸೆಯಾಗಿದೆ ಅಂದರು. ಶ್ವೇತಭವನದಿಂದಲೂ ಹೇಳಿಕೆ ಬಂತು. ಬಂಧನದ ದೃಶ್ಯಗಳ ಒಂದು ವಿಡಿಯೋಗೆ ಬ್ರಯನ್ ಅವರದೇ ‘ರಿವೈವಲ್’ ಹಾಡನ್ನು ಹಿನ್ನೆಲೆಗೆ ಹಾಕಿ ಇಲಾಖೆಯೇ ಹಂಚಿತು. ಬ್ರಯನ್ ಕೂಡ ಮಾತಾಡಿದರು. ಹಾಡು ಬರೆದು ತಿಂಗಳುಗಳಾಗಿವೆ, ಪೂರ್ತಿ ಕೇಳಿದರೆ ಎರಡೂ ಕಡೆಯವರಿಗೆ ತಾಕುತ್ತೆ, ತಾನು ಎಡ ಬಲ ಎರಡೂ ತುದಿಯಲ್ಲಿಲ್ಲ ಅಂತ. ಇದರಿಂದ ಟ್ರಂಪ್ ಬೆಂಬಲಿಗರ ಸಿಟ್ಟು ಇಳಿಯಲಿಲ್ಲ, ಹಾಡನ್ನು ಮೆಚ್ಚಿದವರಿಗೂ ಬೇಸರವಾಯಿತು. ಹಾಡು 2026ರ ಜನವರಿಯಲ್ಲಿ ಅವರ ಹೊಸ ಆಲ್ಬಮ್ಮಿನಲ್ಲಿ ಬಂತು.

ಇದನ್ನು ದೂರದಿಂದ ನೋಡುವವರಿಗೆ ಎರಡು ಪ್ರಶ್ನೆ ಏಳುತ್ತವೆ. ಕಂಟ್ರಿ ಸಂಗೀತ ಅಂದ್ರೆ ಟ್ರಂಪ್ ಪರ ಇರುವವರ ಸಂಗೀತ ಅಲ್ವಾ, ಅಲ್ಲಿಂದ ಇಂಥ ಸಾಲು ಹೇಗೆ ಬಂತು? ಬಂದರೂ ಬರಲಿ, ಒಂದು ಸರ್ಕಾರ ಅರ್ಧ ಹಾಡಿಗೆ ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ?

ಎರಡಕ್ಕೂ ಉತ್ತರ ಹಾಡಿನ ಸಾಲುಗಳಲ್ಲಿ ಸಿಗುವುದಿಲ್ಲ. ಈ ಸಂಗೀತದಲ್ಲಿ ಪ್ರತಿಭಟನೆಯ ಹಾಡು ಯಾವತ್ತೂ ಇತ್ತು. ಯಾವ ಹಾಡಿಗೆ ಶಿಕ್ಷೆಯಾಗುತ್ತೆ, ಯಾವುದು ಸುಮ್ನೆ ದಾಟಿ ಹೋಗುತ್ತೆ ಅನ್ನೋದನ್ನು ನಿರ್ಧರಿಸಿದ್ದು, ಹಾಡಿಗೂ ಕೇಳುಗನಿಗೂ ನಡುವಿನ ಬಾಗಿಲಲ್ಲಿ ಯಾರು ನಿಂತಿದ್ದಾರೆ ಅನ್ನುವ ಸಂಗತಿ. ಈಗ ಆ ಜಾಗದಲ್ಲಿ ನಿಂತಿರುವವರು ಬದಲಾಗಿದ್ದಾರೆ.

ಬೇರು ಇರುವುದು ಗಣಿಯಲ್ಲಿ, ಬರದಲ್ಲಿ

ಕಂಟ್ರಿ ಅಂದ ಕೂಡಲೇ ದೊಡ್ಡ ಟೋಪಿ, ಪಿಕಪ್ ಟ್ರಕ್, ಬಾವುಟ ನೆನಪಾಗುತ್ತವೆ. ಆದರೆ ಇದು ಮೊದಲಿಗೆ ಅಪಲೇಚಿಯನ್ ಬೆಟ್ಟಗಳ ಮತ್ತು ದಕ್ಷಿಣದ ಬಡವರ ಸಂಗೀತ. ಪಿಟೀಲು ಯೂರೋಪಿನಿಂದ ಬಂತು, ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಜೊತೆ ಬಂತು. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಬಿಳಿಯರ ಹಾಡುಗಳನ್ನು ಒಂದು ಪಟ್ಟಿಯಲ್ಲಿ, ಕಪ್ಪು ಜನರ ಹಾಡುಗಳನ್ನು ಇನ್ನೊಂದು ಪಟ್ಟಿಯಲ್ಲಿ ಮಾರಲು ಶುರು ಮಾಡಿದವು. ಹಳ್ಳಿಗಳಲ್ಲಿ ಒಟ್ಟಿಗೇ ಬೆಳೆದ ಸಂಗೀತ ಅಂಗಡಿಯಲ್ಲಿ ಎರಡಾಯಿತು. ಕಂಟ್ರಿ ಬಿಳಿಯರದ್ದು ಅನ್ನುವ ಭಾವನೆ ಗಟ್ಟಿಯಾಗಲು ಈ ವ್ಯಾಪಾರದ ತೀರ್ಮಾನ ಒಂದು ದೊಡ್ಡ ಕಾರಣ.

1931ರಲ್ಲಿ ಕೆಂಟಕಿಯ ಹಾರ್ಲನ್ ಕೌಂಟಿಯಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರ ನಡೆದಿತ್ತು. ಗಂಡನನ್ನು ಹುಡುಕಿಕೊಂಡು ಬಂದ ಶೆರಿಫ್‌ನ ಕಡೆಯವರು ಮನೆಯನ್ನೆಲ್ಲ ಜಾಲಾಡಿ ಹೋದ ಮೇಲೆ, ಫ್ಲಾರೆನ್ಸ್ ರೀಸ್ ಗೋಡೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಮೇಲೆ ಒಂದು ಹಾಡು ಬರೆದರು. ನೀವು ಯಾರ ಕಡೆ ಅಂತ ಕೇಳುವ ಆ ಹಾಡು ಇವತ್ತಿಗೂ ಮುಷ್ಕರಗಳಲ್ಲಿ ಕೇಳುತ್ತೆ. 1940ರಲ್ಲಿ ಓಕ್ಲಹೋಮಾದ ವುಡಿ ಗತ್ರಿ, ರೇಡಿಯೋದಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಒಂದು ದೇಶಭಕ್ತಿ ಗೀತೆ ಕೇಳಿ ಕೇಳಿ ಬೇಸತ್ತು ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ ಬರೆದರು. ಶಾಲೆಯ ಮಕ್ಕಳು ಅದನ್ನು ಹಾಡುತ್ತಾರೆ. ಆದರೆ ಖಾಸಗಿ ಆಸ್ತಿಯ ಬೋರ್ಡಿನ ಬಗ್ಗೆ, ಪರಿಹಾರ ಕಚೇರಿ ಮುಂದೆ ಹಸಿದು ನಿಂತವರ ಬಗ್ಗೆ ಇರುವ ಚರಣಗಳನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಗಣಿ ಕಂಪನಿಯ ಅಂಗಡಿಯಲ್ಲಿ ಮಾಡಿದ ಸಾಲ ಸಾಯುವ ತನಕ ತೀರದು ಅನ್ನುವ ‘ಸಿಕ್ಸ್‌ಟೀನ್ ಟನ್ಸ್’ ಮರ್ಲ್ ಟ್ರ್ಯಾವಿಸ್ 1946ರಲ್ಲಿ ಹಾಡಿದ್ದು, 1955ರಲ್ಲಿ ಟೆನೆಸ್ಸೀ ಎರ್ನಿ ಫೋರ್ಡ್ ಧ್ವನಿಯಲ್ಲಿ ಇಡೀ ದೇಶದಲ್ಲಿ ಒಂದನೇ ಸ್ಥಾನಕ್ಕೆ ಏರಿತು.

ಅಂದ್ರೆ ಬ್ರಯನ್ ಹೊರಗಿನದೇನನ್ನೋ ತಂದು ತುರುಕಲಿಲ್ಲ. ಅವರೂ ಓಕ್ಲಹೋಮಾದವರು, ಸುಮಾರು 8 ವರ್ಷ ನೌಕಾಪಡೆಯಲ್ಲಿ ಕೆಲಸ ಮಾಡಿದವರು.

ಹಾಗಾದ್ರೆ ಬಲಕ್ಕೆ ವಾಲಿದ್ದು ಯಾವಾಗ?

1968ರಿಂದ 1974ರ ನಡುವಿನ ಕೆಲವು ವರ್ಷಗಳಲ್ಲಿ. ವಿಯೆಟ್ನಾಂ ಯುದ್ಧ, ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ, ಉದ್ದ ಕೂದಲಿನ ವಿದ್ಯಾರ್ಥಿಗಳು, ಇವನ್ನೆಲ್ಲ ನೋಡಿ ಕಸಿವಿಸಿಗೊಂಡ ದುಡಿಯುವ ಬಿಳಿಯರ ದೊಡ್ಡ ಗುಂಪೊಂದು ಇತ್ತು. ಅವರ ಮತ ಬೇಕಿದ್ದ ರಾಜಕಾರಣಿಗಳಿಗೆ ಅವರ ಸಂಗೀತವೂ ಬೇಕಾಯಿತು. ಜನಾಂಗ ಪ್ರತ್ಯೇಕತೆಯ ಪರ ನಿಂತ ಜಾರ್ಜ್ ವಾಲೇಸ್ ಪ್ರಚಾರ ಸಭೆಗಳಲ್ಲಿ ಕಂಟ್ರಿ ಹಾಡಿಸಿದರು. ಅಧ್ಯಕ್ಷ ನಿಕ್ಸನ್ 1974ರಲ್ಲಿ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ನಲ್ಲಿ, ಗ್ರ್ಯಾಂಡ್ ಓಲ್ ಆಪ್ರಿ ಅನ್ನುವ ಹೆಸರಾಂತ ಕಂಟ್ರಿ ಕಾರ್ಯಕ್ರಮದ ಹೊಸ ರಂಗಮಂದಿರ ತೆರೆದ ದಿನ ವೇದಿಕೆ ಹತ್ತಿ ಪಿಯಾನೋ ನುಡಿಸಿದರು.

1969ರಲ್ಲಿ ಮರ್ಲ್ ಹ್ಯಾಗರ್ಡ್ ಅವರ ‘ಓಕೀ ಫ್ರಮ್ ಮಸ್ಕೋಗಿ’ ಬಂದಿತ್ತು. ನಮ್ಮೂರಲ್ಲಿ ಗಾಂಜಾ ಸೇದಲ್ಲ, ಸೇನೆಗೆ ಕರೆದ ಚೀಟಿ ಸುಡಲ್ಲ ಅನ್ನುವ ಹಾಡು. ಯುದ್ಧವನ್ನು ವಿರೋಧಿಸುವವರಿಗೆ ಇದೇ ಉತ್ತರ ಅಂತ ಜನ ಅದನ್ನು ಎತ್ತಿಕೊಂಡರು. ಹ್ಯಾಗರ್ಡ್ ಅವರ ಬದುಕು ಮಾತ್ರ ಅಷ್ಟು ಸಲೀಸಾಗಿ ಒಂದು ಪಕ್ಷದೊಳಗೆ ಕೂರುವಂಥದ್ದಲ್ಲ. ತಂದೆತಾಯಿ ಓಕ್ಲಹೋಮಾ ಬಿಟ್ಟು ಕ್ಯಾಲಿಫೋರ್ನಿಯಾಗೆ ವಲಸೆ ಹೋದವರು, ಮನೆ ಅಂತ ಮಾಡಿಕೊಂಡಿದ್ದು ಹಳೆಯ ರೈಲು ಬೋಗಿಯೊಂದನ್ನು. ಕಪ್ಪು ಹುಡುಗಿಯೊಬ್ಬಳನ್ನು ಪ್ರೀತಿಸುವ ಬಿಳಿಯನ ಬಗ್ಗೆ ಅದೇ ಕಾಲದಲ್ಲಿ ಅವರು ಬರೆದ ಹಾಡನ್ನು ರೆಕಾರ್ಡ್ ಕಂಪನಿ ತಡೆಹಿಡಿಯಿತು. ಅದು ಹೊರಬಂದಿದ್ದು 1972ರಲ್ಲಿ. ಮುಂದೆ ಇರಾಕ್ ಯುದ್ಧ ನಡೆದಾಗ ಅದನ್ನು ಟೀಕಿಸಿ ಹಾಡಿದವರೂ ಇದೇ ಹ್ಯಾಗರ್ಡ್.

ಜಾನಿ ಕ್ಯಾಶ್ ಕಥೆಯೂ ಹೀಗೇ. 1970ರ ಏಪ್ರಿಲ್‌ನಲ್ಲಿ ಶ್ವೇತಭವನದಲ್ಲಿ ಹಾಡಲು ಕರೆದಾಗ ನಿಕ್ಸನ್ ಕಡೆಯವರು ‘ಓಕೀ’ ಹಾಡನ್ನೂ, ಸರ್ಕಾರಿ ನೆರವು ಪಡೆಯುವ ಬಡವರನ್ನು ಗೇಲಿ ಮಾಡುವ ಇನ್ನೊಂದು ಹಾಡನ್ನೂ ಕೇಳಿದ್ದರು. ಕ್ಯಾಶ್ ಎರಡನ್ನೂ ಹಾಡಲಿಲ್ಲ. ಯುದ್ಧವನ್ನು ಪ್ರಶ್ನಿಸುವ ಯುವಕರ ಪರವಾಗಿದ್ದ ‘ವಾಟ್ ಈಸ್ ಟ್ರುತ್’ ಹಾಡಿದರು.

ಹಾಡುಗಾರರು ಒಂದೇ ಕಡೆ ವಾಲಿರಲಿಲ್ಲ. ವಾಲಿದ್ದು ಆ ಸಂಗೀತದ ಹೆಸರು.

ಬಾಗಿಲಲ್ಲಿ ರೇಡಿಯೋ

ಇಲ್ಲಿಂದ ಮುಂದೆ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕಂದ್ರೆ ಇಡೀ ಗೊಂದಲದ ಗಂಟು ಇರುವುದು ಇಲ್ಲೇ.

ದಶಕಗಳ ಕಾಲ ಕಂಟ್ರಿ ಹಾಡು ಜನರಿಗೆ ತಲುಪುತ್ತಿದ್ದುದು ರೇಡಿಯೋ ಮೂಲಕ. ಯಾವ ಹಾಡು ಹಾಕಬೇಕು ಅನ್ನೋದು ಸ್ಟೇಷನ್ನಿನವರ ಕೈಯಲ್ಲಿತ್ತು. ಸ್ಟೇಷನ್ ನಡೆಯೋದು ಜಾಹೀರಾತಿನಿಂದ. ಜಾಹೀರಾತು ಕೊಡುವವರಿಗೆ ಬೇಕಾದದ್ದು ಸ್ಟೇಷನ್ ಬದಲಾಯಿಸದೆ ಕೂತು ಕೇಳುವ ಜನ. ಹಾಗಾಗಿ ಯಾರಿಗಾದರೂ ಕಿರಿಕಿರಿಯಾಗಬಹುದಾದ ಹಾಡು ಅಂದ್ರೆ ರೇಡಿಯೋಗೆ ನಷ್ಟದ ಮಾತು. ಇದಕ್ಕೆ ಯಾರೂ ಸಂಚು ಮಾಡಬೇಕಿರಲಿಲ್ಲ, ವ್ಯಾಪಾರದ ಲೆಕ್ಕವೇ ಸಾಕಾಗಿತ್ತು.

1964ರಲ್ಲಿ ಕ್ಯಾಶ್ ಮೂಲನಿವಾಸಿಗಳ ಮೇಲಾದ ಅನ್ಯಾಯದ ಬಗ್ಗೆ ‘ಬಿಟರ್ ಟಿಯರ್ಸ್’ ಅನ್ನುವ ಇಡೀ ಆಲ್ಬಮ್ ಮಾಡಿದರು. ಅದರಲ್ಲಿದ್ದ ‘ದ ಬ್ಯಾಲಡ್ ಆಫ್ ಐರಾ ಹೇಯ್ಸ್’ ಹಾಡನ್ನು ಹಾಕಲು ಎಷ್ಟೋ ಸ್ಟೇಷನ್‌ಗಳು ಒಪ್ಪಲಿಲ್ಲ. ಐರಾ ಹೇಯ್ಸ್ ಎರಡನೇ ಮಹಾಯುದ್ಧದಲ್ಲಿ ಜಪಾನಿನ ಇವೊ ಜಿಮಾ ದ್ವೀಪದ ಬೆಟ್ಟದ ಮೇಲೆ ಬಾವುಟ ನೆಟ್ಟ ಸೈನಿಕರಲ್ಲಿ ಒಬ್ಬರು, ಪಿಮಾ ಜನಾಂಗದವರು, ಯುದ್ಧ ಮುಗಿದ ಮೇಲೆ ಬಡತನದಲ್ಲಿ ಕುಡಿತಕ್ಕೆ ಬಿದ್ದು ತೀರಿಹೋದವರು. ಕ್ಯಾಶ್ ಸುಮ್ಮನಿರಲಿಲ್ಲ. ಹಾಡುಗಳ ಜನಪ್ರಿಯತೆಯ ಪಟ್ಟಿ ಪ್ರಕಟಿಸುವ ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು, ನಿಮ್ಮ ಧೈರ್ಯ ಎಲ್ಲಿ ಹೋಯಿತು ಅಂತ ರೇಡಿಯೋದವರನ್ನೇ ಕೇಳಿದರು. ಒಬ್ಬ ಕಂಟ್ರಿ ಹಾಡುಗಾರ ತನ್ನ ಅನ್ನದ ಬಾಗಿಲನ್ನೇ ಹೀಗೆ ತಟ್ಟಿ ಕೇಳಿದ್ದು ಸಣ್ಣ ವಿಷಯ ಅಲ್ಲ.

1968ರಲ್ಲಿ ದ ಬರ್ಡ್ಸ್ ತಂಡ ರಾಕ್ ಬಿಟ್ಟು ಕಂಟ್ರಿಯ ಕಡೆ ತಿರುಗಿ ನ್ಯಾಶ್‌ವಿಲ್‌ಗೆ ಬಂತು. ಕಂಟ್ರಿ ರಾಕ್ ಅನ್ನುವ ಬೆರಕೆಗೆ ದಾರಿ ಮಾಡಿದ ತಂಡಗಳಲ್ಲಿ ಇದು ಮುಖ್ಯವಾದದ್ದು. ಅವರ ಉದ್ದ ಕೂದಲು ನೋಡಿ ಗ್ರ್ಯಾಂಡ್ ಓಲ್ ಆಪ್ರಿಯ ಜನ ಕೂಗಾಡಿದರು. ಊರಿನ ಹೆಸರಾಂತ ರೇಡಿಯೋ ನಿರೂಪಕ ರಾಲ್ಫ್ ಎಮೆರಿ ತಮ್ಮ ಕಾರ್ಯಕ್ರಮಕ್ಕೆ ಬಂದ ಅವರನ್ನು ಸರಿಯಾಗಿ ನಡೆಸಿಕೊಳ್ಳಲಿಲ್ಲ. ತಂಡದ ರೋಜರ್ ಮೆಗ್ವಿನ್ ಮತ್ತು ಗ್ರ್ಯಾಮ್ ಪಾರ್ಸನ್ಸ್ ಆಮೇಲೆ ಎಮೆರಿ ಮೇಲೆಯೇ ಒಂದು ಹಾಡು ಕಟ್ಟಿದರು. ಕಂಟ್ರಿ ರಾಕ್‌ನ ಮೊದಲ ಕಾಲದ ಪ್ರತಿಭಟನೆಯ ಹಾಡೊಂದು ಬಾಗಿಲು ಕಾಯುವವನ ಮೇಲೆಯೇ ಹುಟ್ಟಿತು. 1975ರಲ್ಲಿ ಲೊರೆಟಾ ಲಿನ್ ಗರ್ಭನಿರೋಧಕ ಮಾತ್ರೆಯ ಬಗ್ಗೆ ಹಾಡಿದ ‘ದ ಪಿಲ್’ ಹಾಡನ್ನೂ ಹಲವು ಸ್ಟೇಷನ್‌ಗಳು ನಿಷೇಧಿಸಿದವು. ಆದರೂ ಅದು ಕಂಟ್ರಿ ಪಟ್ಟಿಯಲ್ಲಿ 5ನೇ ಸ್ಥಾನದವರೆಗೆ ಹೋಯಿತು. ಒಂದು ಸ್ಟೇಷನ್ ಬೇಡ ಅಂದರೆ ಪಕ್ಕದ ಊರಿನದು ಹಾಕುತ್ತಿತ್ತು.

ಆ ಪಕ್ಕದ ಊರಿನ ಸ್ಟೇಷನ್ ಸ್ವತಂತ್ರವಾಗಿ ಉಳಿಯಲಿಲ್ಲ. 1996ರ ದೂರಸಂಪರ್ಕ ಕಾಯ್ದೆ ಬರುವ ಮುಂಚೆ ಒಂದು ಕಂಪನಿ ಇಡೀ ದೇಶದಲ್ಲಿ ಹೆಚ್ಚೆಂದರೆ 40 ರೇಡಿಯೋ ಸ್ಟೇಷನ್ ಇಟ್ಟುಕೊಳ್ಳಬಹುದಿತ್ತು. ಕಾಯ್ದೆ ಆ ಮಿತಿಯನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಅನ್ನುವ ಒಂದೇ ಕಂಪನಿಯ ಕೈಯಲ್ಲಿ ಸುಮಾರು 1,200 ಸ್ಟೇಷನ್‌ಗಳಿದ್ದವು. ಮೊದಲು ನೂರಾರು ಜನ ಬೇರೆ ಬೇರೆಯಾಗಿ ತೀರ್ಮಾನ ಮಾಡುತ್ತಿದ್ದುದನ್ನು ಈಗ ಬೆರಳೆಣಿಕೆಯ ಕಚೇರಿಗಳು ಮಾಡತೊಡಗಿದವು.

ಇದರ ಪರಿಣಾಮ 2003ರಲ್ಲಿ ಕಂಡಿತು. ಡಿಕ್ಸಿ ಚಿಕ್ಸ್ ಆಗ ಅಮೆರಿಕದ ಅತಿ ಜನಪ್ರಿಯ ಕಂಟ್ರಿ ತಂಡಗಳಲ್ಲಿ ಒಂದು, ಮೂವರು ಹೆಣ್ಣುಮಕ್ಕಳದ್ದು. ಮಾರ್ಚ್ 10ರಂದು, ಇರಾಕ್ ಮೇಲೆ ದಾಳಿ ಶುರುವಾಗಲು ಹತ್ತು ದಿನ ಇದ್ದಾಗ, ಲಂಡನ್ನಿನ ವೇದಿಕೆಯಲ್ಲಿ ನ್ಯಾಟಲಿ ಮೇನ್ಸ್ ಒಂದು ಮಾತು ಹೇಳಿದರು. ನಮಗೆ ಈ ಯುದ್ಧ ಬೇಡ, ಅಧ್ಯಕ್ಷರು ನಮ್ಮ ಟೆಕ್ಸಸ್ಸಿನವರು ಅನ್ನೋದಕ್ಕೆ ನಾಚಿಕೆಯಾಗುತ್ತೆ ಅಂತ. ಅದು ಹಾಡೂ ಅಲ್ಲ, ಎರಡು ಹಾಡುಗಳ ನಡುವಿನ ಮಾತು. ಕ್ಯುಮುಲಸ್ ಕಂಪನಿ ತನ್ನ ಕಂಟ್ರಿ ಸ್ಟೇಷನ್‌ಗಳಲ್ಲೆಲ್ಲ ಅವರ ಹಾಡು ನಿಲ್ಲಿಸಿತು. ಬೇರೆ ಸ್ಟೇಷನ್‌ಗಳೂ ಹಿಂದೆ ಬಂದವು. ಜನ ಸಿಡಿಗಳನ್ನು ತಂದು ರಾಶಿ ಹಾಕಿ ಟ್ರ್ಯಾಕ್ಟರ್ ಹತ್ತಿಸಿದರು. ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನದಲ್ಲಿದ್ದ ಅವರ ‘ಟ್ರಾವೆಲಿನ್ ಸೋಲ್ಜರ್’ ಕೆಲವೇ ವಾರಗಳಲ್ಲಿ ಪಟ್ಟಿಯಿಂದಲೇ ಬಿತ್ತು. ಅದು ವಿಯೆಟ್ನಾಂಗೆ ಹೋಗಿ ತಿರುಗಿ ಬಾರದ ಒಬ್ಬ ಹುಡುಗ ಸೈನಿಕನ ಮೇಲಿನ ಕರುಣೆಯ ಹಾಡು ಅನ್ನೋದನ್ನು ನೆನೆದರೆ ಹೊಟ್ಟೆ ಕಿವುಚಿದಂತಾಗುತ್ತೆ.

ಅದೇ ತಿಂಗಳುಗಳಲ್ಲಿ ಯುದ್ಧದ ಪರವಾಗಿದ್ದ ಡ್ಯಾರಿಲ್ ವರ್ಲಿ ಅವರ ಹಾಡು ಅದೇ ಪಟ್ಟಿಯಲ್ಲಿ 7 ವಾರ ಒಂದನೇ ಸ್ಥಾನದಲ್ಲಿತ್ತು. ಹಾಡಿನಲ್ಲಿ ರಾಜಕೀಯ ಬೇಡ ಅನ್ನುವ ನಿಯಮ ರೇಡಿಯೋಗೆ ಇರಲಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತೆ. ಬಹುಮತದ ಕೇಳುಗರಿಗೆ ಆ ಹೊತ್ತಿನಲ್ಲಿ ಹಿಡಿಸದ ರಾಜಕೀಯ ಬೇಡ ಅನ್ನುವುದಷ್ಟೇ ನಿಯಮ. ಆ ವರ್ಷದ ಜುಲೈನಲ್ಲಿ ಸೆನೆಟ್ ಸಮಿತಿಯೊಂದು ಈ ವಿಷಯದ ವಿಚಾರಣೆ ನಡೆಸಿತು. ಡಿಕ್ಸಿ ಚಿಕ್ಸ್ ಮಾತನ್ನು ತಾನು ಒಪ್ಪುವುದಿಲ್ಲ, ಆದರೆ ಒಂದು ಕಂಪನಿ ಮೇಲಿಂದ ಆದೇಶ ಕೊಟ್ಟು ಎಲ್ಲ ಕಡೆ ಹಾಡು ನಿಲ್ಲಿಸೋದು ಅಪಾಯ ಅಂತ ರಿಪಬ್ಲಿಕನ್ ಪಕ್ಷದವರೇ ಆದ ಜಾನ್ ಮೆಕೇನ್ ಹೇಳಿದರು. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಆ ತಂಡ ಮುಂದೆ ಅದೇ ನೋವಿನ ಮೇಲೆ ಹಾಡು ಬರೆದು 2007ರಲ್ಲಿ 5 ಗ್ರ್ಯಾಮಿ ಗೆದ್ದರೂ ಕಂಟ್ರಿ ರೇಡಿಯೋ ಬಾಗಿಲು ಮತ್ತೆ ಮೊದಲಿನಂತೆ ತೆರೆಯಲಿಲ್ಲ. 2020ರಲ್ಲಿ ಅವರು ಹೆಸರನ್ನು ದ ಚಿಕ್ಸ್ ಅಂತ ಬದಲಿಸಿಕೊಂಡರು.

ಒಂದು ತಂಡದ ನಷ್ಟ ಇದರಲ್ಲಿ ಸಣ್ಣ ಭಾಗ. ನೋಡಿ ಕಲಿತವರು ಜಾಸ್ತಿ. ಡಿಕ್ಸಿ ಚಿಕ್ಸ್ ತರ ಆಗಬೇಡ ಅನ್ನೋದು ನ್ಯಾಶ್‌ವಿಲ್‌ನಲ್ಲಿ ಹೊಸಬರಿಗೆ ಕೊಡುವ ಬುದ್ಧಿಮಾತಾಯಿತು. ತನಗೂ ಹಾಗೆ ಹೇಳಿದ್ದರು ಅಂತ ಟೇಲರ್ ಸ್ವಿಫ್ಟ್ 2020ರ ತಮ್ಮ ಸಾಕ್ಷ್ಯಚಿತ್ರದಲ್ಲಿ ಹೇಳಿಕೊಂಡಿದ್ದಾರೆ. ಎಷ್ಟು ಹಾಡುಗಳು ಬರೆಯದೆಯೇ ಉಳಿದವು ಅನ್ನೋದನ್ನು ಯಾರೂ ಎಣಿಸಲಾರರು.

ಅಮೆರಿಕಾನಾ ಅನ್ನುವ ಪಕ್ಕದ ಮನೆ

ರೇಡಿಯೋ ಬಾಗಿಲು ಕಿರಿದಾದಷ್ಟೂ ಹೊರಗೆ ಉಳಿದವರು ಜಾಸ್ತಿಯಾದರು. 1990ರಲ್ಲಿ ಅಂಕಲ್ ಟುಪೆಲೋ ತಂಡದ ಆಲ್ಬಮ್ ಬಂದ ಮೇಲೆ ಹಳೆಯ ಕಂಟ್ರಿ, ಜನಪದ, ಬ್ಲೂಸ್, ರಾಕ್ ಸೇರಿಸಿ ಹಾಡುವ ಒಂದು ಪೀಳಿಗೆ ಬೆಳೆಯಿತು. 1995ರಲ್ಲಿ ಈ ಬೆರಕೆಗೆ ಅಮೆರಿಕಾನಾ ಹೆಸರಿನ ರೇಡಿಯೋ ಪಟ್ಟಿ ಬಂತು, 1999ರಲ್ಲಿ ಅಮೆರಿಕಾನಾ ಸಂಗೀತ ಸಂಘ ಹುಟ್ಟಿತು, 2010ರಲ್ಲಿ ಗ್ರ್ಯಾಮಿಯಲ್ಲಿ ಪ್ರತ್ಯೇಕ ಪ್ರಶಸ್ತಿ. ಸಂಘ ವಾಕ್ ಸ್ವಾತಂತ್ರ್ಯಕ್ಕಾಗಿ ಒಂದು ಪ್ರಶಸ್ತಿಯನ್ನೂ ಶುರು ಮಾಡಿತು. 2002ರಲ್ಲಿ ಮೊದಲ ಸಲ ಅದು ಸಿಕ್ಕಿದ್ದು ಜಾನಿ ಕ್ಯಾಶ್‌ಗೆ. ಬಲಪಂಥದ ಮಾತಾಡುವ ಚಾರ್ಲಿ ಡೇನಿಯಲ್ಸ್‌ಗೂ ಆಮೇಲೆ ಕೊಟ್ಟರು.

ಈ ಮನೆಯಲ್ಲಿ ಮಾತಾಡಲು ಜಾಗ ಇದೆ. ಡ್ರೈವ್ ಬೈ ಟ್ರಕರ್ಸ್ 2016ರ ಆಲ್ಬಮ್ಮಿನಲ್ಲಿ ಗುಂಡಿಗೆ ಸತ್ತ ಕಪ್ಪು ಹುಡುಗರ ಬಗ್ಗೆ ಹಾಡಿದರು. ಅಲಬಾಮದ ಜೇಸನ್ ಇಸ್ಬೆಲ್ 2017ರಲ್ಲಿ ಬಿಳಿಯ ಗಂಡಸಾಗಿ ತನಗೆ ಸಿಕ್ಕ ಅನುಕೂಲದ ಬಗ್ಗೆ ಬರೆದರು, 2024ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲೂ ಹಾಡಿದರು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಕೆಂಟಕಿಯ ಟೈಲರ್ ಚಿಲ್ಡರ್ಸ್ 2020ರ ಸೆಪ್ಟೆಂಬರ್‌ನಲ್ಲಿ ಮಾಡಿದ ಕೆಲಸ. ‘ಲಾಂಗ್ ವಯಲೆಂಟ್ ಹಿಸ್ಟರಿ’ ಆಲ್ಬಮ್ಮಿನಲ್ಲಿ ಎಂಟು ಪಿಟೀಲು ಧಾಟಿಗಳು, ಕೊನೆಗೆ ಒಂದೇ ಒಂದು ಹಾಡು. ಜೊತೆಗೆ ಒಂದು ವಿಡಿಯೋ. ಅದರಲ್ಲಿ ಅವರು ಬೆಟ್ಟದ ಬಿಳಿಯ ಜನರನ್ನೇ ನೋಡಿ, ಪೊಲೀಸರಿಂದ ಇಂಥ ಸಾವುಗಳು ನಮ್ಮ ಮನೆಗಳಲ್ಲಿ ಮತ್ತೆ ಮತ್ತೆ ಆಗಿದ್ದರೆ ನಾವು ಏನು ಮಾಡುತ್ತಿದ್ದೆವು ಅಂತ ಕೇಳಿದರು. ಬೈಗುಳ ಇಲ್ಲ, ಪಕ್ಷದ ಹೆಸರಿಲ್ಲ. ತನ್ನವರ ಜೊತೆ ಮಾತಾಡುವ ಹಕ್ಕು ತನ್ನದು ಅನ್ನುವ ಧೈರ್ಯ ಇದೆ.

ಪಕ್ಕದ ಮನೆಯ ಕಷ್ಟ ಏನಂದ್ರೆ, ಅಲ್ಲಿಗೆ ಬರುವವರು ಹೆಚ್ಚಾಗಿ ಮೊದಲೇ ಒಪ್ಪಿಕೊಂಡವರು. ಯಾರಿಗೆ ಈ ಹಾಡು ಕೇಳಿಸಬೇಕಿತ್ತೋ ಅವರು ದೊಡ್ಡ ಮನೆಯಲ್ಲೇ ಉಳಿದರು. ಚಿಲ್ಡರ್ಸ್ ಆ ಗೋಡೆ ದಾಟುವವರಲ್ಲಿ ಒಬ್ಬರು, ಬ್ರಯನ್ ಇನ್ನೊಬ್ಬರು. ಸರ್ಕಾರ ಕಿವಿಗೊಟ್ಟಿದ್ದು ಯಾಕೆ ಅನ್ನುವ ಪ್ರಶ್ನೆಗೆ ಉತ್ತರದ ಒಂದು ತುಂಡು ಇಲ್ಲಿದೆ. ಆ ತುಣುಕು ಹೊರಬರುವ ಮುಂಚೆ, 2025ರ ಸೆಪ್ಟೆಂಬರ್ 27ರಂದು, ಮಿಶಿಗನ್ ಸ್ಟೇಡಿಯಂನಲ್ಲಿ ನಡೆದ ಬ್ರಯನ್ ಕಾರ್ಯಕ್ರಮಕ್ಕೆ 1,12,408 ಟಿಕೆಟ್ ಹೋಗಿದ್ದವು. ಟಿಕೆಟ್ ಕೊಂಡು ನೋಡುವ ಸಂಗೀತ ಕಾರ್ಯಕ್ರಮಗಳಲ್ಲಿ ಅಮೆರಿಕದಲ್ಲೇ ಅದು ದಾಖಲೆ. ಅಷ್ಟು ಜನರಲ್ಲಿ ಟ್ರಂಪ್‌ಗೆ ಮತ ಹಾಕಿದವರೂ ಧಾರಾಳವಾಗಿ ಇದ್ದಿರಲೇಬೇಕು.

ಹಾಡಿನೊಳಗಿನ ‘ನಾನು’ ಯಾರು?

ಇನ್ನೊಂದು ತುಂಡು ಹಾಡು ಕಟ್ಟುವ ರೀತಿಯಲ್ಲಿದೆ. ನಮ್ಮಲ್ಲಿ ಹೋರಾಟದ ಹಾಡು ಅಂದ್ರೆ ತಮಟೆ ಬಡಿದು ಎಲ್ಲರೂ ಸೇರಿ ಹೇಳುವ ‘ನಾವು’. ಕಂಟ್ರಿಯಲ್ಲಿ ಹೆಚ್ಚಾಗಿ ಒಬ್ಬನೇ ನಿಂತು ತನ್ನ ಕಥೆ ಹೇಳುತ್ತಾನೆ. ಆ ‘ನಾನು’ ಹಾಡುಗಾರನೇ ಆಗಿರಬೇಕಿಲ್ಲ, ಒಂದು ಪಾತ್ರ ಆಗಿರಬಹುದು. ತೀರ್ಪು ಕೊಡದೆ ಪಾತ್ರವನ್ನು ಮಾತಾಡಲು ಬಿಡುವುದೇ ಅದರ ಶಕ್ತಿ. ಅದೇ ಕಾರಣಕ್ಕೆ ಯಾರು ಬೇಕಾದರೂ ತಮಗೆ ಬೇಕಾದಂತೆ ಓದಿಕೊಳ್ಳಬಹುದು.

ಸ್ಟೀವ್ ಅರ್ಲ್ 2002ರಲ್ಲಿ, ತಾಲಿಬಾನ್ ಸೇರಿ ಸಿಕ್ಕಿಬಿದ್ದ ಒಬ್ಬ ಅಮೆರಿಕನ್ ಯುವಕನ ಬಾಯಲ್ಲಿ ಒಂದು ಹಾಡು ಬರೆದರು. ಆಲ್ಬಮ್ ಅಂಗಡಿಗೆ ಬರುವ ಮುಂಚೆಯೇ ಅವರನ್ನು ದೇಶದ್ರೋಹಿ ಅಂದವರಿದ್ದರು. ಹಾಡು ಕೇಳದೆ ತೀರ್ಪು ಕೊಡುವುದು ಇನ್‌ಸ್ಟಾಗ್ರಾಮ್ ಕಾಲದಲ್ಲಿ ಹುಟ್ಟಿದ್ದಲ್ಲ.

ಉಲ್ಟಾ ಕೂಡ ಆಗುತ್ತೆ. ಶ್ರೀಮಂತರ ಮಕ್ಕಳು ಯುದ್ಧದಿಂದ ತಪ್ಪಿಸಿಕೊಳ್ಳುತ್ತಾರೆ, ಬಡವರ ಮಕ್ಕಳು ಹೋಗುತ್ತಾರೆ ಅಂತ ಸಿಟ್ಟಿನಿಂದ ಹೇಳುವ ‘ಫಾರ್ಚುನೇಟ್ ಸನ್’ 1969ರದು. ಬರೆದ ಜಾನ್ ಫೋಗರ್ಟಿ ಸ್ವತಃ ಸೇನೆಯ ಮೀಸಲು ಪಡೆಯಲ್ಲಿದ್ದವರು. 2020ರಲ್ಲಿ ಟ್ರಂಪ್ ಪ್ರಚಾರ ಸಭೆಯಲ್ಲಿ ಅದನ್ನೇ ಹಾಕಿದರು, ಫೋಗರ್ಟಿ ನಿಲ್ಲಿಸಿ ಅಂತ ನೋಟಿಸ್ ಕಳಿಸಬೇಕಾಯಿತು. ಜೋರಾದ ಗಿಟಾರ್, ಬಾವುಟದ ಮಾತು ಇದ್ದರೆ ಸಾಕು, ಸಭೆಯ ಗದ್ದಲದಲ್ಲಿ ಸಾಲುಗಳ ಅರ್ಥ ಹಿಂದೆ ಬಿದ್ದುಹೋಗುತ್ತೆ.

2023ರ ಆಗಸ್ಟ್‌ನಲ್ಲಿ ನಡೆದದ್ದು ಇದಕ್ಕಿಂತ ಸಿಕ್ಕಾದದ್ದು. ವರ್ಜೀನಿಯಾದ ಆಲಿವರ್ ಆಂಟನಿ ಕಾಡಿನ ನಡುವೆ ನಿಂತು ಹಾಡಿದ ‘ರಿಚ್ ಮೆನ್ ನಾರ್ತ್ ಆಫ್ ರಿಚ್ಮಂಡ್’ ಯೂಟ್ಯೂಬಿನಿಂದ ನೇರ ಬಿಲ್‌ಬೋರ್ಡ್ ಪಟ್ಟಿಯ ಒಂದನೇ ಸ್ಥಾನಕ್ಕೆ ಹೋಯಿತು. ಅದಕ್ಕೆ ಮುಂಚೆ ಯಾವ ಪಟ್ಟಿಯಲ್ಲೂ ಇಲ್ಲದ ಹಾಡುಗಾರ ಹೀಗೆ ಮೊದಲ ವಾರದಲ್ಲೇ ಮೇಲೇರಿದ್ದು ಅದೇ ಮೊದಲು. ಕಡಿಮೆ ಕೂಲಿ, ವಾಷಿಂಗ್ಟನ್ನಿನ ಶ್ರೀಮಂತರ ಮೇಲಿನ ಸಿಟ್ಟು ಅದರಲ್ಲಿತ್ತು. ಸರ್ಕಾರಿ ನೆರವು ಪಡೆಯುವವರನ್ನು ಚುಚ್ಚುವ ಸಾಲುಗಳೂ ಇದ್ದವು. ಹಾಗಾಗಿ ಎಡದವರು ಕೋಪಗೊಂಡರು, ಬಲದವರು ತಬ್ಬಿಕೊಂಡರು. ರಿಪಬ್ಲಿಕನ್ ಅಭ್ಯರ್ಥಿಗಳ ಚರ್ಚೆಯನ್ನು ಆ ಹಾಡಿನಿಂದಲೇ ಶುರು ಮಾಡಿದರು. ಎರಡು ದಿನ ಬಿಟ್ಟು ಆಂಟನಿ ಹೇಳಿದ್ದು, ನಾನು ಬರೆದದ್ದೇ ಆ ವೇದಿಕೆಯ ಮೇಲೆ ನಿಂತಿದ್ದವರ ಬಗ್ಗೆ ಅಂತ.

ಎದುರುಬದುರಾಗಿರುವ ವಾದಗಳು

ಮೊದಲನೆಯದು, ನಾವು ಹಾಡು ಕೇಳಲು ಬಂದಿದ್ದೇವೆ, ಭಾಷಣ ಬೇಡ ಅನ್ನುವವರದು. ಇದನ್ನು ಸುಮ್ನೆ ತಳ್ಳಿಹಾಕಬಾರದು. ಇಡೀ ವಾರ ದುಡಿದು ಟಿಕೆಟ್ ಕೊಂಡವರಿಗೆ, ವೇದಿಕೆ ಮೇಲಿನವರು ನಮ್ಮ ಮತವನ್ನು ಕೀಳಾಗಿ ನೋಡುತ್ತಾರೆ ಅನ್ನಿಸಿದರೆ ನೋವಾಗುತ್ತೆ. ಆದರೆ ಯುದ್ಧದ ಪರ ಹಾಡಿದಾಗ ಈ ಆಕ್ಷೇಪ ಏಳಲಿಲ್ಲ ಅನ್ನೋದು ಈ ವಾದದ ದೊಡ್ಡ ತೂತು.

ಎರಡನೆಯದು, ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ಇರುವುದೂ ಒಂದು ಪಕ್ಷ ಹಿಡಿದ ಹಾಗೇ ಅನ್ನುವವರದು. ಬ್ರಯನ್ ಎರಡೂ ಕಡೆ ಇಲ್ಲ ಅಂದಾಗ ನಿರಾಸೆಗೊಂಡವರು ಇವರು. ಅವರ ಮಾತಿನಲ್ಲಿ ತೂಕ ಇದೆ, ಆದರೆ ಅವರು ಕೇಳುವ ನೇರ ಘೋಷಣೆ ಬಂದ ಕ್ಷಣ ಆ ಹಾಡಿಗೆ ಎದುರು ಪಕ್ಷದ ಕೇಳುಗ ಸಿಗುವುದಿಲ್ಲ.

ಬಲದವರ ದೂರು ಬೇರೆ. ನಮ್ಮ ಹಾಡುಗಳಿಗೂ ಬಾಗಿಲು ಹಾಕುತ್ತೀರಲ್ಲ ಅಂತ. 2023ರಲ್ಲಿ ಜೇಸನ್ ಆಲ್ಡೀನ್ ಅವರ ‘ಟ್ರೈ ದಟ್ ಇನ್ ಎ ಸ್ಮಾಲ್ ಟೌನ್’ ವಿಡಿಯೋವನ್ನು ಕಂಟ್ರಿ ಸಂಗೀತದ ಟಿವಿ ಚಾನೆಲ್ ಸಿಎಂಟಿ ತೆಗೆದುಹಾಕಿತು. ವಿಡಿಯೋದಲ್ಲಿ ಕಾಣುವ ಟೆನೆಸ್ಸೀಯ ಕೋರ್ಟ್ ಕಟ್ಟಡದಲ್ಲಿ 1927ರಲ್ಲಿ ಕಪ್ಪು ಹುಡುಗನೊಬ್ಬನನ್ನು ಗುಂಪು ಸೇರಿ ನೇಣಿಗೆ ಹಾಕಿತ್ತು, ಹಾಗಾಗಿ ಟೀಕೆ ಬಂದಿತ್ತು. ಚಾನೆಲ್ ತೆಗೆದ ಮೇಲೆ ಹಾಡು ಇಳಿಯಲಿಲ್ಲ, ಬಿಲ್‌ಬೋರ್ಡ್‌ನಲ್ಲಿ ಒಂದನೇ ಸ್ಥಾನಕ್ಕೇ ಹೋಯಿತು. ಹಾಡು ನನಗೆ ಸ್ವಲ್ಪವೂ ಒಪ್ಪಿಗೆ ಇಲ್ಲ. ಆದರೆ ತಡೆ ಹಾಕಿದರೆ ಹಾಡು ಸಾಯುತ್ತೆ ಅನ್ನುವ 2003ರ ಲೆಕ್ಕ ಮುಗಿಯಿತು ಅನ್ನೋದು ಅಲ್ಲಿ ಸ್ಪಷ್ಟವಾಯಿತು.

ಮುಂದೆ ಏನಾಗಬಹುದು

ರೇಡಿಯೋ ಇನ್ನು ಮೊದಲಿನ ಹಾಗೆ ಯಾರನ್ನೂ ಮುಗಿಸಲಾರದು. ಆರ್ಕನ್ಸಾದ ಜೆಸ್ಸಿ ವೆಲ್ಸ್ ವಿದ್ಯುತ್ ತಂತಿಗಳ ಕೆಳಗೆ ನಿಂತು ಯುದ್ಧ, ಆರೋಗ್ಯ ವಿಮೆ ಕಂಪನಿಗಳ ಬಗ್ಗೆ ಹಾಡಿ ಫೋನಿನಲ್ಲೇ ಹಂಚುತ್ತಾರೆ. ಸುದ್ದಿ ಬಿಸಿ ಇರುವಾಗಲೇ ಹಾಡು ಬಂದಿರುತ್ತೆ. 2025ರಲ್ಲಿ ಅಮೆರಿಕಾನಾ ಸಂಘದ ವಾಕ್ ಸ್ವಾತಂತ್ರ್ಯ ಪ್ರಶಸ್ತಿ ಅವರಿಗೇ ಸಿಕ್ಕಿತು. 1970ರ ಮೇ ತಿಂಗಳಲ್ಲಿ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 4 ವಿದ್ಯಾರ್ಥಿಗಳು ಗುಂಡಿಗೆ ಸತ್ತಾಗ ನೀಲ್ ಯಂಗ್ ಬರೆದ ‘ಓಹಾಯೊ’ ಕೆಲವೇ ವಾರಗಳಲ್ಲಿ ರೇಡಿಯೋಗೆ ಬಂದಿದ್ದನ್ನು ಜನ ಪವಾಡದಂತೆ ನೆನೆಯುತ್ತಾರೆ. ಈಗ ಅದು ಒಂದು ಮಧ್ಯಾಹ್ನದ ಕೆಲಸ.

ಆದರೆ ಬಾಗಿಲು ತೆರೆದಿದೆ ಅಂತ ಅಲ್ಲಿ ಯಾರೂ ಇಲ್ಲ ಅಂತಲ್ಲ. ಈಗ ಅಲ್ಲಿರುವುದು ಗುಂಪು, ಮತ್ತೆ ಅದೇ ಗುಂಪಿನಲ್ಲಿ ತನ್ನದೇ ಖಾತೆ ಇಟ್ಟುಕೊಂಡು ನಿಂತಿರುವ ಸರ್ಕಾರ. ಹಳೆಯ ಸರ್ಕಾರಗಳು ಹಾಡನ್ನು ಎರವಲು ಕೇಳುತ್ತಿದ್ದವು, ನಿಕ್ಸನ್ ಕೇಳಿದ ಹಾಗೆ. ಈ ಸಲ ಸರ್ಕಾರವೇ ಹಾಡುಗಾರನಿಗೆ ಎದುರು ಮಾತು ಕೊಟ್ಟು, ಅವನದೇ ಹಾಡನ್ನು ಅವನ ಮೇಲೆ ತಿರುಗಿಸಿತು. ಲಕ್ಷ ಟಿಕೆಟ್ ಮಾರುವವರು ಇದನ್ನು ತಾಳಿಕೊಳ್ಳುತ್ತಾರೆ. ಸಣ್ಣ ಊರುಗಳ ಬಾರಿನಲ್ಲಿ ಹಾಡಿ ಬಾಡಿಗೆ ಕಟ್ಟುವವರು, ಅದರಲ್ಲೂ ವೀಸಾ ಮೇಲೆ ಅಲ್ಲಿರುವ ವಾದ್ಯಗಾರರು, ಇದನ್ನು ನೋಡಿ ಒಂದು ಸಾಲನ್ನು ಅಳಿಸಿಯೇ ಅಳಿಸುತ್ತಾರೆ. ತುಣುಕು ಹಾಕಿ ಜನರ ನಾಡಿ ನೋಡುವ ಅಭ್ಯಾಸವೂ ಕಷ್ಟಕ್ಕೆ ಸಿಕ್ಕಿದೆ. ಪಾತ್ರದ ಹಾಡಿಗೆ ಪೂರ್ತಿ ಕಥೆ ಬೇಕು. ಅರ್ಧ ನಿಮಿಷದಲ್ಲಿ ಪಾತ್ರ ಹುಟ್ಟುವುದಿಲ್ಲ, ಒಂದು ಸಾಲು ಮಾತ್ರ ಕೇಳಿಸುತ್ತೆ, ಆ ಸಾಲು ಘೋಷಣೆಯಂತೆ ಕಾಣುತ್ತೆ. ಮುಂದೆ ನೇರ ಘೋಷಣೆಯ ಹಾಡುಗಳೂ, ಏನನ್ನೂ ಹೇಳದ ಹಾಡುಗಳೂ ಹೆಚ್ಚಾಗಿ, ನಡುವಿನ ಚಿಲ್ಡರ್ಸ್ ತರದ ಹಾಡುಗಳು ಕಡಿಮೆಯಾಗಬಹುದು ಅನ್ನೋದು ನನ್ನ ಭಯ.

ಗಡೀಪಾರಿನ ಬಗ್ಗೆ ಈ ಸಂಗೀತ ಹಾಡಿದ್ದು ಇದೇ ಮೊದಲಲ್ಲ. 1948ರ ಜನವರಿ 28ರಂದು ಕ್ಯಾಲಿಫೋರ್ನಿಯಾದ ಲಾಸ್ ಗಾಟೋಸ್ ಕಣಿವೆಯಲ್ಲಿ ವಿಮಾನವೊಂದು ಬಿದ್ದು 32 ಜನ ಸತ್ತರು. 28 ಜನ ಮೆಕ್ಸಿಕೋಗೆ ವಾಪಸ್ ಕಳಿಸುತ್ತಿದ್ದ ಹೊಲದ ಕೂಲಿಗಳು. ಸುದ್ದಿಯಲ್ಲಿ ಅವರಿಗೆ ಹೆಸರಿರಲಿಲ್ಲ, ಬರೀ ಗಡೀಪಾರಾದವರು ಅಂತ ಹೇಳಿದರು. ಅದನ್ನು ಕೇಳಿ ವುಡಿ ಗತ್ರಿ ಬರೆದ ಪದ್ಯಕ್ಕೆ ಸುಮಾರು ಹತ್ತು ವರ್ಷದ ಮೇಲೆ ಮಾರ್ಟಿನ್ ಹಾಫ್‌ಮನ್ ಧಾಟಿ ಕೂಡಿಸಿದರು. 1985ರಲ್ಲಿ ಕ್ಯಾಶ್, ವಿಲ್ಲಿ ನೆಲ್ಸನ್, ವೇಲನ್ ಜೆನಿಂಗ್ಸ್, ಕ್ರಿಸ್ ಕ್ರಿಸ್ಟಾಫರ್ಸನ್ ಸೇರಿ ಮಾಡಿದ ಆಲ್ಬಮ್ಮಿನಲ್ಲಿ ಅದು ಇತ್ತು. ಆ ಆಲ್ಬಮ್ ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಸತ್ತ 28 ಜನರನ್ನು ಫ್ರೆಸ್ನೊ ಊರಿನ ಸ್ಮಶಾನದಲ್ಲಿ ಒಂದೇ ಗುಂಡಿಯಲ್ಲಿ ಹೂಳಿದ್ದರು, ಕಲ್ಲಿನ ಮೇಲೆ ಹೆಸರಿಲ್ಲದೆ. ಹಾಡು ಕೇಳಿದ ಬರಹಗಾರರೊಬ್ಬರು ಹಳೆಯ ಕಡತ ಹುಡುಕಿ, ಮನೆಯವರನ್ನು ಹುಡುಕಿ, ಒಂದೊಂದೇ ಹೆಸರು ಕೂಡಿಸಿದರು. 2013ರಲ್ಲಿ ಅಲ್ಲಿ ಹೊಸ ಕಲ್ಲು ನಿಂತಿತು, 28 ಹೆಸರುಗಳನ್ನೂ ಕೆತ್ತಿಸಿಕೊಂಡು.